ಅಣ್ಣ ಹಾಕುವ ಜಡೆ

"ಬಾಚಣಿಗೆ ಬ್ಯಾಗಲ್ಲೇ ಇಟ್ಕೋ, ಜೀರಿಗೆ. ಇವತ್ತು ಅದಕ್ಕೆ ಕೆಲಸ ಇಲ್ಲ," ಎಂದರು ಗಾರ್ಡ್ ಆಂಟಿ.

ಜೀರಿಗೆ ಬಾಚಣಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಪ್ರತಿ ಶನಿವಾರ ಅವಳು ಹೀಗೇ ಕೂದಲು ಬಿಚ್ಚಿಕೊಂಡು, ಅಮ್ಮನ ಜೊತೆ ಬಾಲಮಂದಿರಕ್ಕೆ ಬರುತ್ತಿದ್ದಳು. ಅಮ್ಮನಿಗೆ ಬೇಕರಿಯಲ್ಲಿ ನಸುಕಿನ ಪಾಳಿ. ಹಾಗಾಗಿ ಒಂದನೇ ಕ್ಲಾಸಿನಿಂದಲೂ ಅವಳಿಗೆ ಜಡೆ ಹಾಕುತ್ತಿದ್ದವನು ಅಣ್ಣ. ಯಾರದೋ ಸ್ಕೂಟರ್ ಕದ್ದು ಓಡಿಸಿ, ಸಿಕ್ಕಿಬಿದ್ದು ಇಲ್ಲಿಗೆ ಬಂದ ಮೇಲೂ, ವಾರಕ್ಕೊಮ್ಮೆ ಭೇಟಿ ಕೋಣೆಯ ಬೆಂಚಿನ ಮೇಲೆ ಅವನೇ ಹಾಕುತ್ತಿದ್ದ.

ಈಗ ಆ ಕೋಣೆಗೆ ಬೀಗ.

"ತಾರಸಿ ಸೋರಿ ಗಾರೆ ಉದುರ್ತಿದೆ," ಆಂಟಿ ಅಮ್ಮನಿಗೆ ಹೇಳಿದರು. "ರಿಪೇರಿಗೆ ದುಡ್ಡು ಕೊಡಿ ಅಂತ ಸರ್ಕಾರಕ್ಕೆ ಎರಡು ವರ್ಷದಿಂದ ಬರೀತಾನೇ ಇದ್ವಿ. ಬಂತು. ಆದ್ರೆ ಟೀವಿಗೆ ಅಂತ ಬಂತು."

"ಅದರಲ್ಲೇ ತಾರಸಿ ಮಾಡಿಸಬಾರದಾ?"

"ಟೀವಿ ದುಡ್ಡಲ್ಲಿ ಒಂದು ಚೀಲ ಸಿಮೆಂಟೂ ತರೋ ಹಾಗಿಲ್ಲಮ್ಮ. ಇನ್ಮೇಲೆ ಭೇಟಿ ಎಲ್ಲ ಇದರಲ್ಲೇ, ವೀಡಿಯೋ ಕಾಲ್ ಥರ."

ಅವರು ನಿಂತಿದ್ದ ಆಫೀಸ್ ಕೋಣೆಯ ಗೋಡೆಯ ಮೇಲೆ ಹೊಸ ಟೀವಿ ಆನ್ ಆಯಿತು. ಅಣ್ಣನ ಮುಖ ಕಿಟಕಿಯಷ್ಟು ದೊಡ್ಡದಾಗಿ ಕಂಡಿತು, ಮೂಗಿನ ಮೇಲಿನ ಮೊಡವೆ ಸಮೇತ. ಅವನು ಇದ್ದದ್ದು ಪಕ್ಕದ ಕೋಣೆಯಲ್ಲೇ. ಆದರೆ ಆ ಕಡೆಗೆ ಹೊರಗಿನವರು ಹೋಗುವಂತಿರಲಿಲ್ಲ. ಅವನು ಕೆಮ್ಮಿದ್ದು ಮೊದಲು ಗೋಡೆಯಿಂದ ಕೇಳಿಸಿತು, ಆಮೇಲೆ ಟೀವಿಯಿಂದ.

"ಏನೇ ಜೀರಿಗೆ, ದೆವ್ವದ ಥರ ಬಂದಿದೀಯ?"

"ನೀನೇ ಹಾಕಬೇಕಲ್ಲ. ಅಮ್ಮ ಹಾಕಿದ್ದು ಬಸ್ ಹತ್ತೋದ್ರೊಳಗೆ ಬಿಚ್ಚಿಹೋಗುತ್ತೆ."

"ಕೇಳಿಸ್ತು ಕಣೇ," ಎಂದಳು ಅಮ್ಮ.

ಅಣ್ಣ ನಕ್ಕು, ತಲೆ ಕೆರೆದುಕೊಳ್ಳಲು ಕೈ ಎತ್ತಿದ. ಮಣಿಕಟ್ಟಿನಲ್ಲಿ ಎರಡು ರಬ್ಬರ್ ಬ್ಯಾಂಡ್ ಇದ್ದವು. ಒಂದು ಕೆಂಪು, ಒಂದು ಹಳದಿ. ಜೀರಿಗೆ ಅವನ್ನೇ ನೋಡುತ್ತಿದ್ದಾಳೆಂದು ಗೊತ್ತಾದ ಕೂಡಲೇ ಕೈಯನ್ನು ಮೇಜಿನ ಕೆಳಗೆ ಇಳಿಸಿದ.

ಅವನೂ ರೆಡಿಯಾಗಿ ಬಂದಿದ್ದ.

ಆಮೇಲೆ ಇಬ್ಬರೂ ಸ್ಕೂಲಿನ ಬಗ್ಗೆ, ಬೆಕ್ಕಿನ ಬಗ್ಗೆ ಏನೇನೋ ಮಾತಾಡಿದರು. ಟೈಮ್ ಮುಗಿಯಿತು. ಟೀವಿ ಆರಿತು.

ಆಂಟಿ ಸ್ಟೂಲ್ ಎಳೆದುಕೊಂಡು ಕೂತು ಕೈ ಚಾಚಿದರು. "ಬಾ, ಬಾಚಣಿಗೆ ಕೊಡು. ನನಗೂ ಇಬ್ಬರು ಹೆಣ್ಮಕ್ಕಳು. ಎರಡು ಜಡೆ, ಎರಡೇ ನಿಮಿಷ. ತಾರಸಿ ಆಗೋ ತನಕ ಹೀಗೇ ಬಿಟ್ಟರೆ, ಅಷ್ಟರಲ್ಲಿ ಹೇನುಗಳು ನಿನ್ನ ತಲೇಲಿ ಮೂರಂತಸ್ತು ಕಟ್ಟಿರ್ತವೆ."

ಟೀವಿಯ ಕಪ್ಪು ಗಾಜಿನಲ್ಲಿ ಜೀರಿಗೆಯ ಹರಡಿದ ಕೂದಲು ಕಾಣುತ್ತಿತ್ತು. ಗೋಡೆಯ ಆಚೆ ಕುರ್ಚಿ ಸರಿದ ಸದ್ದಾಯಿತು.

ಅವಳು ಬಾಚಣಿಗೆಯನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು.

"ಬೇಡ ಆಂಟಿ. ರಬ್ಬರ್ ಬ್ಯಾಂಡ್ ಅಣ್ಣನ ಹತ್ರ ಇದೆ."