ಇಬ್ಬರು ರುಂಗ್‌ರೋತ್

ಬುದ್ಧವರ್ಷ 2566 (ಕ್ರಿ.ಶ. 2023), ಜೂನ್ 6, ಮಂಗಳವಾರ. ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ದೇಶದ ಉತ್ತರ ಗಡಿಯ ವಿಯಂಗ್ ಥೋಂಗ್ ಠಾಣೆಗೆ ಒಬ್ಬ ವ್ಯಕ್ತಿ ಬಂದು ಕಳವಿನ ದೂರು ಕೊಡಬೇಕೆಂದ.

"ಏನು ಕಳವಾಗಿದೆ?" ಹೆಡ್ ಕಾನ್‌ಸ್ಟೇಬಲ್ ಸೇಂಗ್ ತಲೆ ಎತ್ತದೆ ಕೇಳಿದ.

"ನಾನೇ, ಮಾಮ."

ಸೇಂಗ್ ಪೆನ್ನು ಕೆಳಗಿಟ್ಟ. ದೂರುದಾರ ಆರಡಿ ಎತ್ತರದ ಆಸಾಮಿ, ವಯಸ್ಸು ಮೂವತ್ಮೂರು, ಹೆಸರು ರುಂಗ್‌ರೋತ್. ಹುಟ್ಟಿದ್ದು ಇದೇ ತಾಲ್ಲೂಕಿನ ಪಾ ಮೂಂಗ್ ಹಳ್ಳಿಯಲ್ಲಿ. ಆರನೇ ವಯಸ್ಸಿನಲ್ಲಿ ತಾಯಿಯ ಜೊತೆ, ತಾಯಿಯ ಪಾಸ್‌ಪೋರ್ಟಿನಲ್ಲೇ ಡೆನ್ಮಾರ್ಕಿಗೆ ಹೋದವನು. ಕಳೆದ ಚಳಿಗಾಲದಲ್ಲಿ ತಾಯಿ ತೀರಿಕೊಂಡಿದ್ದಳು. ಅಲ್ಲಿ ಅವನಿಗೆ ಬೇರೆ ಯಾರೂ ಇಲ್ಲ. ಇಲ್ಲಿ ಅಜ್ಜಿ ಇದ್ದಾಳೆ. ಅವಳ ಜೊತೆ ಇದ್ದುಬಿಡಬೇಕು. ಅದಕ್ಕೆ ಹುಟ್ಟಿನಿಂದ ಬಂದ ಪೌರತ್ವ ಮತ್ತೆ ಬೇಕು. ವೀಸಾ ಅರವತ್ತು ದಿನದ್ದು, ಹನ್ನೊಂದು ದಿನ ಆಗಲೇ ಮುಗಿದಿತ್ತು.

ಹಿಂದಿನ ದಿನ ತಾಲ್ಲೂಕು ಕಚೇರಿಯಲ್ಲಿ ಅವನ ಜನನ ಪತ್ರದ ಹದಿಮೂರು ಅಂಕಿಗಳನ್ನು ಒತ್ತಿದಾಗ ಪರದೆಯ ಮೇಲೆ ಇನ್ನೊಬ್ಬ ಗಂಡಸಿನ ಮುಖ ಬಂದಿತ್ತು. ಆ ಗಂಡಸಿಗೆ ಹದಿನೆಂಟು ವರ್ಷದ ಹಿಂದೆ, 2548ರಲ್ಲೇ, ಅದೇ ಹೆಸರಿನ ಗುರುತಿನ ಚೀಟಿ ಸಿಕ್ಕಿತ್ತು.

"ಆ ಕಚೇರಿ ಅಕ್ಕ ನನ್ನನ್ನೇ ಕಳ್ಳ ಅಂದ್ಲು. ನಾನು ಕಳ್ಳ ಅಲ್ಲ. ನಾನು ನಮ್ಮಜ್ಜಿ ಮೊಮ್ಮಗ" ಎಂದ ದೂರುದಾರ.

"ಸಾರ್, ಆಳು ಮೂವತ್ಮೂರು ವರ್ಷದವನು, ಮಾತು ಒಂದನೇ ಕ್ಲಾಸಿಂದು" ಎಂದು ಸೇಂಗ್ ಒಳಗೆ ಹೋಗಿ ಇನ್‌ಸ್ಪೆಕ್ಟರ್ ಪ್ರಮೋತ್‌ಗೆ ಹೇಳಿ ನಕ್ಕ.

ಪ್ರಮೋತ್ ನಗಲಿಲ್ಲ. ಹೊರಗೆ ಬಂದು ಹತ್ತು ನಿಮಿಷ ಅವನ ಮಾತು ಕೇಳಿಸಿಕೊಂಡ. ಅಪ್ಪಟ ಉತ್ತರದ ಆಡುಮಾತು, ಆದರೆ ಆರು ವರ್ಷಕ್ಕೇ ಬೆಳವಣಿಗೆ ನಿಂತದ್ದು. ಕಾಗದವನ್ನು ಯಾರು ಬೇಕಾದರೂ ತಿದ್ದಬಹುದು, ಇಂಥ ಮಾತನ್ನು ನಟಿಸಲಾಗದು ಎಂದು ಅವನಿಗೆ ಅನ್ನಿಸಿತು. 11 ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಜೂನ್ 7ರಂದು ತಾಲ್ಲೂಕು ಕಚೇರಿಯಲ್ಲಿ ಪಂಚನಾಮೆ ನಡೆಸಿ 2548ರ ಮೂಲ ಅರ್ಜಿಯನ್ನು ವಶಪಡಿಸಿಕೊಂಡರು. ಹುಡುಗ ತನ್ನ ಮೊಮ್ಮಗನೇ ಎಂದು ಹೆಬ್ಬೆಟ್ಟು ಒತ್ತಿದ್ದವಳು ಮನೆಯ ಯಜಮಾನಿ, ಅಜ್ಜಿ ಬುವಾಚುಮ್. ಸಾಕ್ಷಿಯ ರುಜು ಊರಿನ ಮುಖ್ಯಸ್ಥನದು.

ಪ್ರಮೋತ್ ಅದೇ ಮಧ್ಯಾಹ್ನ ರುಂಗ್‌ರೋತ್‌ನನ್ನು ಕರೆದುಕೊಂಡು ಪಾ ಮೂಂಗ್‌ಗೆ ಹೋದ. ಮುಖ್ಯಸ್ಥ ಕನ್ನಡಕ ಏರಿಸಿ ತನ್ನದೇ ರುಜುವನ್ನು ಎರಡು ಸಲ ನೋಡಿದ.

"ಈ ರುಂಗ್‌ರೋತ್ ಯಾರು?"

"ನೀವೇ ಸಾಕ್ಷಿ ಹಾಕಿದೀರಲ್ಲ."

"ಅಜ್ಜಿ ಮನೇಲಿರೋ ಲೆಂಗ್‌ಗೆ ಹಾಕಿದ್ದು. ಒಳ್ಳೆ ಹುಡುಗ. ಅವನ ಕಾಗದದ ಹೆಸರು ಯಾರಿಗೆ ಗೊತ್ತು ಸ್ವಾಮಿ? ನಮ್ಮ ಮಾವನ ಹೆಸರೇ ಅವರು ಸತ್ತ ದಿನ ನಂಗೆ ಗೊತ್ತಾಗಿದ್ದು."

"ಬುವಾಚುಮ್‌ಗೆ ಇರೋದು ಒಬ್ನೇ ಮೊಮ್ಮಗನಾ?"

"ಮುಂಚೆ ಉಆನ್ ಅಂತ ಒಂದು ದಪ್ಪ ಮಗು ಇತ್ತಪ್ಪ. ಅದರಮ್ಮ ಕರ್ಕೊಂಡು ಹೋದ್ಲು."

ಅಜ್ಜಿಯ ಮನೆ ಕಂಬಗಳ ಮೇಲಿನ ಮರದ ಮನೆ. ಕೆಳಗಿನ ನೆರಳಿನಲ್ಲಿ ನೀರೆತ್ತುವ ಪಂಪುಗಳ ರಿಪೇರಿ ಅಂಗಡಿ. ಅಲ್ಲಿ ಕೂತಿದ್ದವನೇ ಪರದೆಯ ಮೇಲಿನ ಮುಖ. ಕೇಳಿದ ಕೂಡಲೇ ಗುರುತಿನ ಚೀಟಿ ತೆಗೆದುಕೊಟ್ಟ. ಎಂಬತ್ತೊಂದರ ಅಜ್ಜಿ ಮೆಟ್ಟಿಲ ಮೇಲೆ ಕೂತು, ಪೊಲೀಸರಿಗೆಲ್ಲ ನೀರು ಕೊಡಿಸಿದಳು.

ರುಂಗ್‌ರೋತ್ ಮೆಟ್ಟಿಲ ಬುಡದಲ್ಲಿ ಕೈ ಮುಗಿದು ನಿಂತಿದ್ದ.

"ಅಜ್ಜಿ, ಇವನು ಯಾರು?" ಪ್ರಮೋತ್ ಕೇಳಿದ.

"ಯಾರೋ ಪರದೇಶದವನು."

"ಸರಿಯಾಗಿ ನೋಡಿ ಹೇಳಿ."

"ನೋಡಿದೆ. ನಂಗೆ ಗೊತ್ತಿಲ್ಲ. ನನ್ನ ಮೊಮ್ಮಗ ಕೆಳಗೆ ಕೆಲಸ ಮಾಡ್ತಿದಾನೆ."

ಡಿಎನ್‌ಎ ಪರೀಕ್ಷೆಗೆ ಎಂಜಲು ಬೇಕೆಂದಾಗ ಅವಳು ಸಿಡಿದೆದ್ದಳು. "ಮುದುಕಿ ಬಾಯಿಗೆ ಕಡ್ಡಿ ಹಾಕ್ತೀರಾ? ಸತ್ತ ಮೇಲೆ ಬಂದು ಹಾಕಿ!"

ವಾಪಸಾಗುವಾಗ ರುಂಗ್‌ರೋತ್ ಜೀಪಿನ ಹಿಂದಿನ ಸೀಟಿನಲ್ಲಿ ಕೂತ. ಇಪ್ಪತ್ತೇಳು ವರ್ಷದ ಮೇಲೆ ಬಂದವನನ್ನು ಅಜ್ಜಿಯೇ ಯಾರೋ ಎಂದಿದ್ದಳು. ಅಷ್ಟು ದೊಡ್ಡ ಗಂಡಸು ಕಿಟಕಿಯ ಕಡೆ ತಿರುಗಿ ಅಳುವುದನ್ನು ನೋಡಿ ಪ್ರಮೋತ್‌ಗೆ ಸಂಕಟವಾಯಿತು. ಅವಳು ಗುರುತು ಹೇಳದೆ, ಪರೀಕ್ಷೆಗೂ ಒಪ್ಪದಿದ್ದರೆ ಕೋರ್ಟಿನ ಆದೇಶ ತರಬೇಕು. ಅಷ್ಟರಲ್ಲಿ ವೀಸಾ ಮುಗಿದುಹೋಗುತ್ತದೆ.

ಜೂನ್ 12, ಸೋಮವಾರ, ಬೆಳಿಗ್ಗೆ 10:15. ಹೇಳಿಕೆಗೆ ಸಹಿ ಹಾಕಲು ಬಂದ ರುಂಗ್‌ರೋತ್ ತೋಳು ಚಾಚಿದಾಗ ಎಡ ಮಣಿಕಟ್ಟಿನಲ್ಲಿ ಹೊಸ ಬಿಳಿ ನೂಲು ಕಂಡಿತು.

"ಯಾರು ಕಟ್ಟಿದ್ದು?"

"ವಿಹಾರದಲ್ಲಿ."

"ಯಾವ ವಿಹಾರ?"

ಅವನು ನೂಲಿನ ಮೇಲೆ ಅಂಗಿಯ ತೋಳು ಎಳೆದುಕೊಂಡ. ಸುಳ್ಳು ಹೇಳುವುದರಲ್ಲೂ ಅವನು ಆರು ವರ್ಷದವನೇ.

"ಕಟ್ಟುವಾಗ ಅಂಗೈಯಲ್ಲಿ ಬೇಯಿಸಿದ ಮೊಟ್ಟೆ, ಅನ್ನದುಂಡೆ ಇಟ್ಟಿದ್ರಾ?"

ಅವನು ಹೌದೆಂದು ತಲೆಯಾಡಿಸಿದ. ಭಿಕ್ಷುಗಳು ಮೊಟ್ಟೆ ಇಡುವುದಿಲ್ಲ. ದೂರದಿಂದ ಬಂದವನ ಚದುರಿದ ಜೀವವನ್ನು ಮೈಗೆ ಕರೆಯುವಾಗ ಮನೆಯ ಹಿರಿಯರು ಇಡುತ್ತಾರೆ. ಪ್ರಮೋತ್‌ನ ತಾಯಿಯೂ ಅವನು ತರಬೇತಿ ಮುಗಿಸಿ ಬಂದ ದಿನ ಇಟ್ಟಿದ್ದಳು.

"ಅಜ್ಜಿ ಏನಂದ್ರು?"

"ನಿನ್ನೆ ಸಂತೆ ಹಿಂದೆ ಕರೆದ್ಲು. ಕಾಡಲ್ಲಿದ್ರೂ ಬಾ, ನೀರಲ್ಲಿದ್ರೂ ಬಾ, ಪರದೇಶದಲ್ಲಿದ್ರೂ ಬಾ ಅಂತ ಕಟ್ಟಿದ್ಲು." ಅವನು ಮೂಗೊರೆಸಿಕೊಂಡ. "ಆಮೇಲೆ, ಊರು ಬಿಟ್ಟು ಹೋಗು ಮಗಾ ಅಂದ್ಲು."

ಮಧ್ಯಾಹ್ನ 3 ಗಂಟೆಗೆ ಪ್ರಮೋತ್ ಮತ್ತೆ ಆ ಮೆಟ್ಟಿಲ ಮೇಲೆ ಕೂತ. ಈ ಸಲ ಕಡ್ಡಿ ತಂದಿರಲಿಲ್ಲ. ರುಂಗ್‌ರೋತ್ ಜೀಪಿನ ಪಕ್ಕ ನಿಂತಿದ್ದ.

"ಅಜ್ಜಿ, ಗುರುತಿಲ್ಲದವನ ಜೀವ ಯಾಕೆ ಕರೆದ್ರಿ?"

ಅವಳು ಜೀಪಿನ ಕಡೆ ನೋಡಿದಳು. "ಅಷ್ಟು ಚಿಕ್ಕ ಮಗು. ವಿಮಾನದಲ್ಲಿ ಹೆದರಿ ಜೀವ ಎಲ್ಲೋ ಬಿದ್ದಿರುತ್ತೆ. ಕರೀದೆ ಹೇಗೆ ಬಿಡ್ಲಿ?"

"ಹಾಗಾದ್ರೆ ಲೆಂಗ್ ಯಾರು?"

"ಗಡಿಯಾಚೆಯ ಶಾನ್ ಜನಾಂಗದ ಹೆಂಗಸಿನ ಮಗ. ಹುಟ್ಟಿದ್ದು ಇಲ್ಲೇ, ಲಿಚಿ ತೋಟದಲ್ಲಿ. ಅವಳನ್ನ ಪೊಲೀಸ್ನೋರು ಹಿಡಿದು ಆಚೆ ಕಳಿಸಿದ್ರು, ಮತ್ತೆ ಬರಲೇ ಇಲ್ಲ. ನೀವೇ ಕಳಿಸಿದ್ರಿ ಸ್ವಾಮಿ, ನಾನಲ್ಲ. ನನ್ನ ಉಆನ್ ಹೋಗಿ ಆಗ ಎರಡು ತಿಂಗಳಾಗಿತ್ತು. ಸರ್ಕಾರದ ಮನೆಪಟ್ಟಿಯಲ್ಲಿ ಅವನ ಹೆಸರಿತ್ತು, ತಿನ್ನೋಕೆ ಮಗು ಇರಲಿಲ್ಲ. ಇವನು ತಿಂದ. ಹದಿನೈದಾದಾಗ ಚೀಟಿ ಇಲ್ಲದೆ ತಾಲ್ಲೂಕು ದಾಟೋ ಹಾಗಿಲ್ಲ ಅಂದ್ರು. ಹೆಸರು ಸುಮ್ನೆ ಬಿದ್ದಿತ್ತು. ಕೊಟ್ಟೆ."

ಮಾತು ಕೇಳಿಸಿಕೊಂಡ ಲೆಂಗ್ ಗ್ರೀಸಿನ ಕೈಗಳನ್ನು ಸೋಪು ಹಾಕಿ ತೊಳೆದು, ಒರೆಸಿ, ಮುಂದೆ ಚಾಚಿದ. "ಫೋಟೋಗೆ ಕೂತಿದ್ದು ನಾನು ಸಾರ್. ಗೊತ್ತಿದ್ದೇ ಕೂತಿದ್ದು. ಅಜ್ಜಿನ ಬಿಟ್ಬಿಡಿ."

4:20ಕ್ಕೆ ಬಂಧನವಾಯಿತು. ಅಜ್ಜಿಯ ಮೇಲೂ ಆರೋಪವಿತ್ತು. ವಯಸ್ಸು ನೋಡಿ ನೋಟಿಸು ಕೊಟ್ಟು ಮನೆಯಲ್ಲೇ ಬಿಟ್ಟರು.

ರುಂಗ್‌ರೋತ್ ಓಡಿ ಬಂದು ಪ್ರಮೋತ್‌ನ ತೋಳು ಹಿಡಿದುಕೊಂಡ. "ದೂರು ಬೇಡ ಮಾಮ. ವಾಪಸ್ ಕೊಡಿ."

"ಆಗಲ್ಲಪ್ಪ. ಇದು ಸರ್ಕಾರದ ಕೇಸು. ನೀನು ಬೇಡ ಅಂದ್ರೂ ನಿಲ್ಲಲ್ಲ."

ಮರುದಿನ ಬೆಳಿಗ್ಗೆ 11ಕ್ಕೆ ಸೇನೆಯಿಂದ ಕಡತ ಬಂತು. ರುಂಗ್‌ರೋತ್ ಎಂಬ ಹೆಸರಿನ ಯುವಕ 2554ರ ಏಪ್ರಿಲ್‌ನಲ್ಲಿ ಕಡ್ಡಾಯ ಸೈನಿಕ ಸೇವೆಗೆ ಆಯ್ಕೆ ಮಾಡುವ ಲಾಟರಿ ಚೀಟಿ ಎತ್ತಿದ್ದ, ಹೋಗಲೇಬೇಕಾದ ಕೆಂಪು ಬಂದಿತ್ತು, ದಕ್ಷಿಣದ ಗಡಿಯಲ್ಲಿ ಎರಡು ವರ್ಷ ಸೈನಿಕನಾಗಿದ್ದ. ಶಿಸ್ತಿನ ದೂರು ಒಂದೂ ಇಲ್ಲ. ಪ್ರಮೋತ್ ಕಡತ ಹಿಡಿದು ಲಾಕಪ್ಪಿನ ಮುಂದೆ ಕೂತ.

"ಅಜ್ಜಿಗೆ ನೀನೊಬ್ನೇ ಆಸರೆ ಅಂತ ಅರ್ಜಿ ಹಾಕಿದ್ರೆ ವಿನಾಯಿತಿ ಸಿಗ್ತಿತ್ತು. ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಸುಳ್ಳು ಚೀಟಿ ಇಟ್ಕೊಂಡು ಸೇನೆಗೆ ಹೋಗೋದು ಹುಲಿ ಬಾಯಿಗೆ ತಲೆ ಕೊಟ್ಟ ಹಾಗೆ. ಯಾಕೆ ಹೋದೆ?"

ಲೆಂಗ್ ಕಂಬಿಯ ಹತ್ತಿರ ಸರಿದ. "ಕೆಂಪು ಬಂದವರೆಲ್ಲ ಅಳ್ತಿದ್ರು. ನಾನು ನಗ್ತಿದ್ದೆ, ಹುಚ್ಚ ಅಂದ್ಕೊಂಡ್ರು. ಹೆಸರು ನಂದಲ್ಲ ಅಂತ ಗೊತ್ತಿತ್ತು ಸಾರ್. ಎರಡು ವರ್ಷ ದುಡಿದ್ರೆ ದೇಶ ಆದ್ರೂ ನಂದಾಗುತ್ತೆ ಅಂದ್ಕೊಂಡೆ."

ತನಿಖಾ ವರದಿಯ 'ಉದ್ದೇಶ' ಎಂಬ ಕಾಲಮಿನಲ್ಲಿ ಪ್ರಮೋತ್ ಆ ಕೊನೆಯ ವಾಕ್ಯವನ್ನು ಹಾಗೇ ಬರೆದ. ಮೇಲಧಿಕಾರಿ ತಿದ್ದಲು ಹೇಳಿದರೂ ತಿದ್ದಲಿಲ್ಲ. ಚೀಟಿ ರದ್ದಾದಾಗ ಸೇನೆಯ ದಾಖಲೆಯೂ ರದ್ದಾಯಿತು. ಆ ಎರಡು ವರ್ಷ ಈಗ ಯಾರ ಹೆಸರಿನಲ್ಲೂ ಇಲ್ಲ.

ಅಜ್ಜಿ ತಾನಾಗಿಯೇ ಬಂದು ಎಂಜಲು ಕೊಟ್ಟಳು. ವೀಸಾಕ್ಕೆ ಇನ್ನು ನಾಲ್ಕು ದಿನ ಉಳಿದಿರುವಾಗ, ಜುಲೈ 21ರಂದು, ರುಂಗ್‌ರೋತ್‌ಗೆ ಗುರುತಿನ ಚೀಟಿ ಸಿಕ್ಕಿತು. ಅವನು ಅಲ್ಲಿಂದ ಮನೆಗೆ ಹೋಗಲಿಲ್ಲ. ಸೇಂಗ್‌ನ ಬೈಕಿನ ಹಿಂದೆ ಕೂತು ನೇರ ನ್ಯಾಯಾಲಯಕ್ಕೆ ಹೋಗಿ ಲೆಂಗ್‌ನ ಜಾಮೀನಿಗೆ ಅರ್ಜಿ ಹಾಕಿದ.

"ಆರೋಪಿಗೂ ನಿಮಗೂ ಏನು ಸಂಬಂಧ?" ಗುಮಾಸ್ತ ಕೇಳಿದ.

"ನಮ್ಮಿಬ್ಬರಿಗೂ ಒಬ್ಳೇ ಅಜ್ಜಿ" ಎಂದ ರುಂಗ್‌ರೋತ್.