ಹೊಟ್ಟೆರಾಯನ ಬೈಗುಳ

“ನನಗೊಂದು ಹೊಟ್ಟೆ ಹೊಲಿದುಕೊಡಬೇಕು.”

ಅಂಗಡಿ ಬಾಗಿಲಲ್ಲಿ ನಿಂತಿದ್ದವನು ಕಾಲೇಜಿನ ಮೇಷ್ಟ್ರು. ಒಣಗಿದ ಕಡ್ಡಿಯಂಥ ಆಳು. ದರ್ಜಿಯಾಕೆ ಹೊಲಿಗೆ ಯಂತ್ರ ನಿಲ್ಲಿಸಿದಳು.

“ಅಳತೆ?”

ಅವನ ಕಣ್ಣು ಅವಳ ಸೊಂಟದ ಮೇಲೆ ಕೂತುಬಿಟ್ಟಿತು.

“ಹೀಗೇ... ಇಂಥದ್ದೇ ಬೇಕು.”

ಮೂಲೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದ ಅವಳ ಚಿಕ್ಕಮ್ಮ ಕಿಸಕ್ಕೆಂದಳು. ದರ್ಜಿಯಾಕೆಯ ಕಿವಿ ಕೆಂಡವಾಯಿತು. ಮೂವತ್ನಾಲ್ಕು ವರ್ಷದಿಂದ ಆ ದಪ್ಪ ಮೈ ಹೊತ್ತವಳು ಅವಳು. ಮದುವೆ ಮಾತಾಡಲು ಬಂದವರೆಲ್ಲ ಅದನ್ನೇ ನೋಡಿ, ನೆಪ ಹೇಳಿ ಜಾಗ ಖಾಲಿ ಮಾಡಿದ್ದರು. ಈಗ ಇವನೊಬ್ಬ!

ಅವನಿಗೇನೂ ತಿಳಿಯಲಿಲ್ಲ. ಪುಸ್ತಕದ ಹುಳಕ್ಕೆ ಎದುರಿಗಿದ್ದವರ ಮುಖ ಎಲ್ಲಿ ಕಾಣುತ್ತದೆ? ಐನೂರು ವರ್ಷದ ಹಿಂದೆ ಯುರೋಪಿನಲ್ಲಿ ಬರೆದ ನಗೆಕಥೆಗಳನ್ನು ಪಾಠ ಮಾಡುತ್ತಾನಂತೆ. ಅವುಗಳಿಂದಲೇ ಹುಡುಗರಿಗೊಂದು ನಾಟಕ ಕಟ್ಟಿದ್ದ.

“ಆ ಕಥೆಗಳಲ್ಲಿ ಮೈಗೆ ನಾಚಿಕೆ ಇಲ್ಲ. ತಿನ್ನುತ್ತೆ, ತೇಗುತ್ತೆ, ಹೂಸು ಬಿಡುತ್ತೆ, ಹೆರುತ್ತೆ. ನಮ್ಮ ನಾಟಕದಲ್ಲಿ ಬಟ್ಟೆಯ ಹೊಟ್ಟೆ ಕಟ್ಟಿಕೊಂಡವನೇ ಒಂದು ದಿನದ ರಾಜ, ಹೊಟ್ಟೆರಾಯ. ಯಾರನ್ನ ಬೇಕಾದರೂ ಬೈಬಹುದು. ಹೊಟ್ಟೆ ಬಿಚ್ಚೋವರೆಗೂ ಬೈಸ್ಕೊಂಡೋರು ಎದುರಾಡೋ ಹಾಗಿಲ್ಲ.”

“ನೀವು ಯಾವತ್ತಾದರೂ ನಕ್ಕಿದ್ದೀರಾ?” ಎಂದಳು ದರ್ಜಿಯಾಕೆ.

ಕಡ್ಡಿ ಮೇಷ್ಟ್ರು ಕನ್ನಡಕ ಒರೆಸಿಕೊಂಡ.

ಮರುದಿನ ಬಂದ. ಅದರ ಮರುದಿನವೂ ಬಂದ. ಬೆಂಚಿನ ಮೇಲೆ ಕೂತು, ಸಾವಿನ ಸುದ್ದಿ ಓದುವವನ ದನಿಯಲ್ಲಿ ಆ ಕಥೆಗಳನ್ನು ಓದಿದ. ಬಟ್ಟೆಗೆ ಬದಲು ಹಡಗಿನ ಹಾಯಿ ಸುತ್ತಿಕೊಳ್ಳುವ ದೈತ್ಯ, ಸೀನಿದರೆ ಊರಿನ ಹೆಂಚು ಹಾರಿಸುವ ಅವನ ಹೆಂಡತಿ... ದರ್ಜಿಯಾಕೆ ಸೂಜಿ ಕೆಳಗಿಟ್ಟು, ಮೈಯೆಲ್ಲ ಕುಲುಕಿಸಿ ನಕ್ಕಳು.

ನಾಲ್ಕನೇ ದಿನ ಅವನು ತಡಮಾಡಿದ. ಅವಳ ಕಣ್ಣು ಬಾಗಿಲಿಗೇ ಹೋಗುತ್ತಿತ್ತು.

‘ಥೂ, ಮಾನಗೆಟ್ಟ ಮನಸ್ಸೇ... ಅವನು ಬರೋದು ಹೊಟ್ಟೆಯ ಮಾದರಿ ನೋಡೋಕೆ. ನೀನು ಅವನಿಗಾಗಿ ಕಾಯ್ತೀಯಾ?’

ಆ ಸಿಟ್ಟಿನಲ್ಲೇ ಟೇಪನ್ನು ತನ್ನ ಸೊಂಟಕ್ಕೆ ಸುತ್ತಿದಳು. ಇಂಥದ್ದೇ ಬೇಕಲ್ಲವೇ? ತಗೋ. ಹೊಟ್ಟೆಯನ್ನೂ ಅದರ ಸೊಂಟದ ಪಟ್ಟಿಯನ್ನೂ ಆ ಅಳತೆಗೇ ಕತ್ತರಿಸಿ ಹೊಲಿದಳು. ಹಾಕಿಕೊಳ್ಳುವವನ ಮೈ ಅಳೆಯಲೇ ಇಲ್ಲ.

ನಾಟಕದ ದಿನ ಅವಳೇ ಕಾಲೇಜಿಗೆ ತಂದುಕೊಟ್ಟಳು; ಹೊಟ್ಟೆರಾಯನ ಪಾತ್ರದ ಹುಡುಗ ಪರದೆಯ ಹಿಂದೆ ಅದನ್ನು ಕಟ್ಟಿಕೊಂಡ. ಹೊಟ್ಟೆ ಜಾರಿ ಮೊಣಕಾಲಿಗೆ ಬಿತ್ತು.

“ಏನಕ್ಕಾ ಇದು? ಪಟ್ಟಿ ನನಗೆ ಎರಡು ಸುತ್ತು ಬರುತ್ತೆ.”

ಅದು ನಿಲ್ಲುವ ಸೊಂಟ ಅಲ್ಲಿದ್ದದ್ದು ಒಂದೇ.

“ಕೊಡಿಲ್ಲಿ,” ಎಂದು ದರ್ಜಿಯಾಕೆ ತಾನೇ ಕಟ್ಟಿಸಿಕೊಂಡು ರಂಗಕ್ಕೆ ನಡೆದಳು.

ಪ್ರಿನ್ಸಿಪಾಲರ ಕೂದಲಿನ ಬಣ್ಣಕ್ಕೆ ಬೈದಳು. ಮುಂದಿನ ಸಾಲಿನಲ್ಲಿ ಆಕಳಿಸುತ್ತಿದ್ದ ಗಣ್ಯರಿಗೆ ಬೈದಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಎಲ್ಲಿ ನಿಮ್ಮ ಕಡ್ಡಿ ಮೇಷ್ಟ್ರು? ಬಾರಯ್ಯ ಇಲ್ಲಿ. ಹೊಟ್ಟೆ ಬಗ್ಗೆ ಅಷ್ಟೊಂದು ಓದಿದೀಯ. ಹೊಟ್ಟೆ ಮೇಲೊಂದು ಎದೆ ಇರುತ್ತೆ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ವಾ? ಸತ್ತು ಐನೂರು ವರ್ಷ ಆದೋರ ಮೈ ನಿನಗೆ ದೊಡ್ಡದು. ಬದುಕಿರೋಳ ಮೈ ಬರೀ ಮಾದರಿ. ನಿನ್ನ ಓದಿಗೆ ಬೂದಿ ಬೀಳ...”

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಯಾರೂ ನಗಲಿಲ್ಲ. ಅವನು ರಂಗದ ಅಂಚಿನಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಪರದೆಯ ಹಿಂದೆ ಅವನು ಬಂದಾಗ ಅವಳು ಮುಖ ತಿರುಗಿಸಿದಳು.

“ಏನು, ಬಾಯಿ ಬಿದ್ದುಹೋಯ್ತಾ?”

ಅವನು ಅವಳು ಕಟ್ಟಿಕೊಂಡಿದ್ದ ಹೊಟ್ಟೆಯತ್ತ ಬೆರಳು ತೋರಿಸಿದ. ನಾಟಕ ಮುಗಿದರೂ ಈ ಮಂಕ ನಿಯಮ ಪಾಲಿಸುತ್ತಿದ್ದಾನೆ! ಅವಳು ಬೆನ್ನು ಕೊಟ್ಟಳು. ಐದು ಗಂಟುಗಳನ್ನು ಅವನು ಒಂದೊಂದಾಗಿ ಬಿಚ್ಚಿದ.

“ಮೊದಲ ದಿನ ನಾನು ನೋಡಿದ್ದು ಅಳತೇನೇ. ತಪ್ಪಾಯ್ತು. ಆಮೇಲೆ ಬಂದಿದ್ದು ನೀವು ನಗೋದನ್ನ ಕೇಳೋಕೆ. ನನ್ನ ಪಾಠಕ್ಕೆ ಹದಿನಾಲ್ಕು ವರ್ಷದಲ್ಲಿ ಒಬ್ಬರೂ ನಕ್ಕಿರಲಿಲ್ಲ.”

“ಅದನ್ನ ಆಗಲೇ ಹೇಳೋಕೇನಾಗಿತ್ತು ರೋಗ?”

“ಹೆದರಿಕೆ.”

“ಈಗ?”

“ಈಗಲೂ ಇದೆ. ಆದರೂ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರಾ?”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣು ತುಂಬಿದ್ದರೂ ತುಟಿಯಲ್ಲಿ ತಾತ್ಸಾರವಿತ್ತು.

“ನಿಮ್ಮನ್ನಾ? ಗಾಳಿ ಬೀಸಿದರೆ ಹಾರಿಹೋಗ್ತೀರ.”

“ಹಿಡ್ಕೊಳ್ಳಿ ಮತ್ತೆ.”

ಅವಳು ಹಿಡಿದುಕೊಂಡಳು.