ಎರಡು ಕುರ್ಚಿ, ಎರಡು ಟ್ಯಾಬ್

ಈ ಕನ್ನಡಕದಲ್ಲಿ ಪೇಪರಿನ ಅಕ್ಷರ ಆನೆಯಷ್ಟು ಕಾಣುತ್ತದೆ, ಎದುರಿಗೆ ಬರುವ ಲಾರಿ ಮಾತ್ರ ಕಾಣುವುದಿಲ್ಲ ಎಂದು ಬಸ್ ಡ್ರೈವರ್ ದೂರಿದಾಗ ಕನ್ನಡಕದ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಗದೆ ಉಳಿದವರು ಇಬ್ಬರು: ಕಣ್ಣು ಪರೀಕ್ಷಿಸುವ ಹುಡುಗ, ಪವರ್ ಬರೆದಿಡಲು ಅಂಗಡಿಗೆ ವೆಬ್‌ಪೇಜ್ ಮಾಡಿಕೊಟ್ಟ ಹುಡುಗಿ.

ಕಣ್ಣು ಪರೀಕ್ಷಿಸಿದ ದಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯ ಪವರ್ ಕಂಪ್ಯೂಟರಿನಲ್ಲಿ ಡ್ರೈವರನ ಹೆಸರಿಗೆ ಬಿದ್ದಿತ್ತು.

ಅಂಗಡಿಯ ಯಜಮಾನಿ ಹುಡುಗನ ಅಕ್ಕ. ಸಂಜೆಯೊಳಗೆ ಸರಿಹೋಗದಿದ್ದರೆ ಕಂಪ್ಯೂಟರ್ ಅಟ್ಟ ಹತ್ತುತ್ತದೆ, ಹಳೆಯ ಚೀಟಿಗಳೇ ಇಳಿದು ಬರುತ್ತವೆ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ತಮ್ಮ ಹುಡುಗಿಯತ್ತ ನೋಡಿದ. ಚೀಟಿ ಬಂದರೆ ಈ ಹುಡುಗಿ ಬರುವುದು ನಿಂತಂತೆಯೇ.

ಬೀದಿಗೆಲ್ಲ ಅವನು ಪವರಣ್ಣ. ಅವಳೊಬ್ಬಳು ಮಾತ್ರ ಅಣ್ಣನನ್ನು ಕತ್ತರಿಸಿ ‘ಪವರ್’ ಎನ್ನುತ್ತಿದ್ದಳು. ಅವನ ಆಸೆಯೆಲ್ಲ ಆ ಕತ್ತರಿಯ ಮೇಲೆ ನಿಂತಿತ್ತು.

ಅವಳು ಸ್ಟೂಲ್ ಎಳೆದು ಅವನ ಪಕ್ಕದಲ್ಲೇ ಕೂತಳು. ಎಂದಿನಂತೆ ಕೆಲಸ ಮಾಡಿ ಅಂದಳು. ಅವಳ ಕೂದಲೆಳೆ ಭುಜ ಸವರುತ್ತಿರುವಾಗ ಎಂದಿನಂತೆ ಮಾಡುವುದು ಹೇಗೆ? ಆದರೂ ಮಾಡಿದ. ಈ ಕುರ್ಚಿಯವರಿಗೆ ಒಂದು ಟ್ಯಾಬ್, ಆ ಕುರ್ಚಿಯವರಿಗೆ ಇನ್ನೊಂದು. ಅವಳು ಹಣೆ ಚಚ್ಚಿಕೊಂಡಳು. ನಡುವೆ ರಿಫ್ರೆಶ್ ಆದರೂ ಅಳಿಯದಿರಲಿ ಎಂದು ಬರೆದದ್ದನ್ನೆಲ್ಲ ಬ್ರೌಸರಿನಲ್ಲೇ ಉಳಿಸಿದ್ದಳು. ಅಂಗಡಿಯಲ್ಲಿ ಎರಡು ಕುರ್ಚಿ ಇರುವುದನ್ನು ಮಾತ್ರ ಮರೆತಿದ್ದಳು.

“ಎರಡು ಟ್ಯಾಬೂ ಒಂದೇ ಡಬ್ಬಿಗೆ ಕೈ ಹಾಕ್ತಿವೆ, ಪವರ್. ಕೊನೇಲಿ ಹಾಕಿದ್ದೇ ಉಳಿಯುತ್ತೆ. ಸೆಷನ್ ಸ್ಟೋರೇಜ್‌ಗೆ ಬದಲಾಯಿಸ್ತೀನಿ. ಆಗ ಒಂದೊಂದು ಟ್ಯಾಬಿಗೂ ಅದರದೇ ಜೇಬು.”

ಮಧ್ಯಾಹ್ನ ಪರೀಕ್ಷೆಗೆ ಡ್ರೈವರ್ ಒಂದು ಕುರ್ಚಿ ಹಿಡಿದ, ಅಕ್ಕ ಇನ್ನೊಂದು. ಹುಡುಗ ಎರಡೂ ಟ್ಯಾಬ್ ತುಂಬಿಸಿದ. ಹುಡುಗಿ ಎರಡನ್ನೂ ರಿಫ್ರೆಶ್ ಮಾಡಿದಳು. ಡ್ರೈವರನದು ಡ್ರೈವರನಲ್ಲೇ, ಅಕ್ಕನದು ಅಕ್ಕನಲ್ಲೇ. ಮತ್ತೆ ಮಾಡಿದಳು. ಅಲುಗಲಿಲ್ಲ. ಅಕ್ಕ ಬಿಗುಮಾನ ಬಿಟ್ಟು ನಕ್ಕು, ಎದುರಿನ ಔಷಧಿ ಅಂಗಡಿಯವರಿಗೂ ಒಂದು ಪೇಜ್ ಬೇಕಂತೆ, ನಿನ್ನ ಹೆಸರೇ ಹೇಳುತ್ತೇನೆ ಎಂದಳು.

ಗೆದ್ದ ಖುಷಿಯಲ್ಲಿ ಹುಡುಗಿ ಲ್ಯಾಪ್‌ಟಾಪಿನ ವಯರ್ ಸುತ್ತತೊಡಗಿದಳು. ಹುಡುಗನಿಗೆ ಆಗ ಹೊಳೆಯಿತು. ಸರಿಹೋಗದಿದ್ದರೂ ಇವಳು ಬರುತ್ತಿರಲಿಲ್ಲ, ಸರಿಹೋದರೂ ಬರುವುದಿಲ್ಲ.

“ಟ್ಯಾಬ್ ಮುಚ್ಚಿದ್ರೆ ಆ ಜೇಬಲ್ಲಿರೋದು ಏನಾಗುತ್ತೆ?”

“ಅಳಿಸಿ ಹೋಗುತ್ತೆ. ಉಳೀಬೇಕಾದ್ದನ್ನ ಮುಚ್ಚೋಕೆ ಮುಂಚೆ ಕಳಿಸಿಬಿಡ್ಬೇಕು.”

“ಹಾಗಾದ್ರೆ ಈಗಲೇ ಹೇಳ್ತೀನಿ. ನಂಗೆ ನೀವು ಇಷ್ಟ. ಪೇಜ್ ಕೆಡ್ಲಿ, ಬಿಡ್ಲಿ, ನೀವು ದಿನಾ ಬರ್ಬೇಕು.”

ವಯರ್ ಸುತ್ತುತ್ತಿದ್ದ ಕೈ ನಿಂತಿತು. ಅವಳು ತನ್ನ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದರ ಮೇಲಿನಿಂದ ಅವನನ್ನು ನಿಧಾನವಾಗಿ ಅಳೆದಳು. ತುಟಿಯಂಚಿನಲ್ಲಿ ತಡೆದಿಟ್ಟ ನಗು ಕೊನೆಗೆ ಕಣ್ಣಿನಿಂದಲೇ ತಪ್ಪಿಸಿಕೊಂಡಿತು.

“ಊರಿನವರ ಕಣ್ಣೆಲ್ಲ ನೋಡ್ತೀರಿ. ನನ್ನ ಕಣ್ಣಲ್ಲಿರೋದು ಓದೋಕೆ ಇಷ್ಟು ದಿನ ಬೇಕಾಯ್ತಾ?”

ಅಷ್ಟರಲ್ಲಿ ಕುರ್ಚಿಯಿಂದ ಡ್ರೈವರ್ ಕೂಗಿದ, “ಪವರಣ್ಣ, ನನ್ನ ಕನ್ನಡಕ ಯಾವಾಗ?”

ಅವಳು ತಿರುಗಿಯೂ ನೋಡಲಿಲ್ಲ. ಕಣ್ಣು ಹುಡುಗನ ಮೇಲೇ ಇತ್ತು.

“ಅಣ್ಣ ಅನ್ನೋರೆಲ್ಲ ಸ್ವಲ್ಪ ಕಾಯ್ಬೇಕು,” ಅಂದಳು.